ಮೂವತ್ತೇಳು ಸೀಸೆ ಹಾಲು

"ಗುರುಗಳೇ, ರೋಗ ಯಾರಿಂದ ಶುರುವಾಯಿತು ಎಂದು ಗೊತ್ತಾದ ಮೇಲೂ ಆ ಹೆಸರನ್ನು ಬಾಯಿಬಿಟ್ಟು ಹೇಳದೆ ಇದ್ದರೆ, ಅದು ಸುಳ್ಳು ಹೇಳಿದಂತೆಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಶಿಷ್ಯ ಆರೋಗ್ಯ ಇಲಾಖೆಯಲ್ಲಿ ಅಧಿಕಾರಿ. ಗುರುಗಳು ಅವನಿಗೆ ರೋಗಾಣುಗಳ ಪಾಠ ಹೇಳಿಕೊಟ್ಟು, ಈಗ ನಿವೃತ್ತರಾಗಿ ಮನೆಯಲ್ಲಿದ್ದವರು. ಪೇಟೆಯ ಒಂದು ವಠಾರದಲ್ಲಿ ಹದಿನಾಲ್ಕು ಜನರಿಗೆ ಔಷಧಿಗೆ ಬಗ್ಗದ ಕ್ಷಯ ಅಂಟಿತ್ತು. ಅವರ ಕಫದಲ್ಲಿದ್ದ ರೋಗಾಣುವಿನ ಜೀನೋಮನ್ನು ಯಂತ್ರ ಅಕ್ಷರ ಅಕ್ಷರವಾಗಿ ಓದಿ, ಯಾವುದು ಯಾವುದರ ಸಂತಾನ ಎಂದು ಒಂದು ವಂಶವೃಕ್ಷ ಬರೆದುಕೊಟ್ಟಿತ್ತು. ಅದರ ಬುಡದಲ್ಲಿ ಒಬ್ಬ ಹೊಲಿಗೆಯವಳ ಹೆಸರಿತ್ತು. ಮರುದಿನ ವಠಾರದವರ ಸಭೆ. ಹೆಸರು ಓದಿ ಹೇಳಲೇಬೇಕೆಂದು ಎಲ್ಲರೂ ಪಟ್ಟು ಹಿಡಿದಿದ್ದರು. ಶಿಷ್ಯನ ಮನಸ್ಸೂ ಅತ್ತಲೇ ವಾಲಿತ್ತು. ಆ ಕಾಗದವನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ.

ಗುರುಗಳಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. "ವರ್ಷಕ್ಕೊಬ್ಬ ಬಂದು ಇದನ್ನೇ ಕೇಳುತ್ತೀರಿ. ಯಂತ್ರ ಕೊಟ್ಟವರು ಅದರ ಜೊತೆಗೆ ನಿಮಗೆ ಸ್ವಲ್ಪ ತಾಳ್ಮೆಯನ್ನೂ ಕೊಡಬಾರದಿತ್ತೇ? ಕೂತುಕೋ. ಒಬ್ಬ ಪಶುವೈದ್ಯನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದರು.

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಪಶುವೈದ್ಯನಿದ್ದ. ಹತ್ತೊಂಬತ್ತು ಊರಿಗೆ ಅವನೊಬ್ಬನೇ. ಅದರಲ್ಲೊಂದು ಊರಿನಲ್ಲಿ ಮೂವತ್ತೆಂಟು ಮನೆಗಳಲ್ಲಿ ಕರೆಯುವ ಹಸುಗಳಿದ್ದವು. ಬೆಳಗಿನ ಹಾಲು, ಸಂಜೆಯ ಹಾಲು ಎಲ್ಲವೂ ಊರಿನ ಡೇರಿಗೆ ಹೋಗುತ್ತಿತ್ತು. ಆ ಮನೆಗಳು ನಡೆಯುತ್ತಿದ್ದದ್ದೇ ಅದರಿಂದ.

ಆ ಊರಿನ ಹಸುಗಳಿಗೆ ಕೆಚ್ಚಲು ಬಾವು ಬಂತು. ಬಂದರೆ ಬರಲಿ, ಅದೇನು ಹೊಸ ರೋಗವಲ್ಲ. ಐದು ದಿನ ಔಷಧಿ ಹಾಕಿದರೆ ಹೋಗುವಂಥದು. ಆದರೆ ಐದು ದಿನ ಹಾಕಬೇಕಲ್ಲ. ಎರಡನೆಯ ದಿನಕ್ಕೆ ಕೆಚ್ಚಲು ಮೆತ್ತಗಾಗಿ ಹಾಲು ತಿಳಿಯಾದರೆ ಸಾಕು, ಅಲ್ಲಿಗೆ ಔಷಧಿ ನಿಲ್ಲಿಸಿಬಿಡುವರು. ಉಳಿದದ್ದನ್ನು ಎಸೆಯುವರೇ? ಅದೂ ಇಲ್ಲ. ಪಕ್ಕದ ಮನೆಯವರು ಕೇಳಿದಾಗ, ಹೆಪ್ಪಿಗೆ ಒಂದು ಚಮಚ ಮೊಸರು ಕೊಟ್ಟ ಹಾಗೆ, ಆ ಅರ್ಧ ಔಷಧಿಯನ್ನು ಕೊಟ್ಟು ಕಳಿಸುವರು. ಆ ಮನೆಯಲ್ಲೂ ಎರಡೇ ದಿನ. ಅರೆಬರೆ ಪೆಟ್ಟು ತಿಂದ ರೋಗಾಣುಗಳಲ್ಲಿ ಮೆತ್ತನೆಯವು ಸತ್ತು, ಗಟ್ಟಿಯವು ಉಳಿದು ಮರಿ ಹಾಕಿದವು. ಹೀಗೆ ಒಂದು ಔಷಧಿ ಹೋಯಿತು, ಎರಡನೆಯದು ಹೋಯಿತು, ಮೂರನೆಯದೂ ಹೋಯಿತು. ವೈದ್ಯನ ಕೈಯಲ್ಲಿ ಉಳಿದದ್ದು ನಾಲ್ಕನೆಯದೊಂದೇ. ಅದೂ ಹೋದರೆ ಆ ಸೀಮೆಯ ಹಸುಗಳಿಗೆ ದೇವರೇ ಗತಿ. ಊಟಕ್ಕೆ ಕೂತರೂ ವೈದ್ಯನಿಗೆ ಅದೇ ಯೋಚನೆಯಾಗಿತ್ತು.

ಐದು ದಿನ, ಐದು ದಿನ ಎಂದು ಅವನು ಮನೆಮನೆಗೂ ಹೋಗಿ ಬಾಯಿ ಬಡಿದುಕೊಂಡ. ಎಲ್ಲರೂ ತಲೆ ಆಡಿಸಿದರು. ಕೂರಿಸಿ ಕಾಫಿ ಕೊಟ್ಟರು. ಮೂರನೆಯ ದಿನ ಔಷಧಿ ನಿಲ್ಲಿಸಿದರು. ಗೋಡೆಗೆ ಹೇಳಿದ್ದರೂ ಇಷ್ಟೇ ಆಗುತ್ತಿತ್ತು, ಆದರೆ ಗೋಡೆ ಕಾಫಿ ಕೊಟ್ಟು ನಂಬಿಸುತ್ತಿರಲಿಲ್ಲ. ಹಾಳಾಗಿ ಹೋಗಲಿ ಎಂದುಕೊಂಡು ಬೈಕ್ ಹತ್ತುವನು, ಮತ್ತೆ ವಾರಕ್ಕೆ ಅದೇ ಊರಿಗೆ ಬರುವನು. ಬೇರೆ ದಾರಿ ಏನಿತ್ತು ಹೇಳು.

ಒಂದು ದಿನ ಆ ಊರಿನ ಒಬ್ಬ ಹೆಂಗಸು ಎರಡು ಹರದಾರಿ ನಡೆದುಕೊಂಡು ಅವನ ಆಸ್ಪತ್ರೆಗೆ ಬಂದಳು. ಅವಳಿಗಿದ್ದದ್ದು ಒಂದೇ ಹಸು. ಕೈಯಲ್ಲಿ ಮುಚ್ಚಳ ಹಾಕಿದ ಚೊಂಬು, ಅದರಲ್ಲಿ ಆ ಹಸುವಿನ ಹಾಲು.

"ಹಾಲು ಒಡಕಲು ಒಡಕಲಾಗಿ ಬರ್ತಾ ಇದೆ. ಊರಲ್ಲಿ ಕೇಳಿದ್ರೆ ಯಾರ ಮನೇಲೂ ಹೀಗಿಲ್ಲ ಅಂತಾರೆ. ನನಗೆ ಯಾಕೋ ಅನುಮಾನ. ನೀವೇ ನೋಡಿ," ಎಂದಳು.

ವೈದ್ಯನಿಗೆ ಅವಳ ಮೇಲೆ ಗೌರವ ಹುಟ್ಟಿತು. ಹಾಲನ್ನು ನಗರದ ಪ್ರಯೋಗಾಲಯಕ್ಕೆ ಕಳಿಸಿದ. ನಾಲ್ಕನೆಯ ಔಷಧಿ ಕೊಟ್ಟು, ಐದು ದಿನ ಎಂದ. ಅವಳು ಐದು ದಿನವೂ, ಬೆಳಗ್ಗೆ ಒಂದು ಸಲ ಸಂಜೆ ಒಂದು ಸಲ, ತಪ್ಪದೆ ಹಾಕಿದಳು. ಹಸು ಗುಣವಾಯಿತು. ಔಷಧಿ ಮುಗಿಸಿದ್ದೇನೆ ನೋಡಿ ಎಂದು ಖಾಲಿ ಡಬ್ಬಿ ತಂದು ತೋರಿಸಿದವಳು ಆ ಊರಿನಲ್ಲಿ ಅವಳೊಬ್ಬಳೇ.

ಎರಡು ತಿಂಗಳಾದ ಮೇಲೆ ಉಳಿದವರಿಗೆ ಮುಚ್ಚಿಡಲು ಆಗದಷ್ಟು ಬಾವು ಹೆಚ್ಚಿತು. ಆಗ ಇನ್ನೂ ಹತ್ತು ಮನೆಯವರು ಬಂದರು. ಆ ಹಾಲೂ ನಗರಕ್ಕೆ ಹೋಯಿತು. ಯಂತ್ರ ಹನ್ನೊಂದು ಹಾಲಿನ ರೋಗಾಣುಗಳನ್ನೂ ಓದಿತು. ಎಲ್ಲವೂ ಒಂದೇ ವಂಶ. ರೋಗಾಣು ಮರಿ ಹಾಕುವಾಗ ಆಗೊಮ್ಮೆ ಈಗೊಮ್ಮೆ ಒಂದಕ್ಷರ ಬದಲಾಗುತ್ತದೆ. ಆ ಬದಲಾವಣೆಗಳನ್ನು ಹಿಡಿದುಕೊಂಡು ಹಿಂದೆ ಹಿಂದೆ ಹೋದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯುತ್ತದೆ. ಇದನ್ನು ನಿನಗೆ ಕಲಿಸಿದವನೇ ನಾನು, ಮತ್ತೆ ವಿವರಿಸುವುದಿಲ್ಲ. ಹನ್ನೊಂದರಲ್ಲಿ ಎಲ್ಲಕ್ಕಿಂತ ಕಡಿಮೆ ಬದಲಾಗಿದ್ದದ್ದು, ಮರದ ಬುಡದಲ್ಲಿ ನಿಂತದ್ದು, ಆ ಹೆಂಗಸಿನ ಹಸುವಿನದು.

ವೈದ್ಯ ಡೇರಿಯ ಜಗಲಿಯಲ್ಲಿ ಸಭೆ ಕರೆದ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ. ಐದು ದಿನವೂ ಔಷಧಿ ಹಾಕಿ. ಒಂದು ಹಸುವನ್ನು ಕರೆದು ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯಿರಿ. ಬಾವು ಬಂದ ಹಸುವನ್ನು ಕೊನೆಯಲ್ಲಿ ಕರೆಯಿರಿ. ಉಳಿದ ಔಷಧಿಯನ್ನು ಹಂಚಬೇಡಿ. ಮೊದಲನೆಯ ಮಾತು ಮುಗಿಯುವುದರೊಳಗೆ ಡೇರಿಯ ಕಾರ್ಯದರ್ಶಿ ಎದ್ದು ನಿಂತ.

"ಅದೆಲ್ಲ ಆಮೇಲೆ ಇರಲಿ ಸ್ವಾಮಿ. ಯಾರ ಮನೆಯಿಂದ ಬಂತು, ಅದನ್ನ ಹೇಳಿ."

"ಅದು ಮುಖ್ಯ ಅಲ್ಲಪ್ಪ," ಎಂದ ವೈದ್ಯ.

ಊರಿಗೆ ಅದೇ ಮುಖ್ಯವಾಗಿತ್ತು. ಹೇಳಿ, ಹೇಳಿಬಿಡಿ ಎಂದು ನಾಲ್ಕೂ ಕಡೆಯಿಂದ ಗಂಟುಬಿದ್ದರು. ವೈದ್ಯನಿಗೆ ತಲೆ ಕೆಟ್ಟುಹೋಯಿತು. ಒಂದು ವರ್ಷದಿಂದ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳದ ಜನ ಇವತ್ತು ಮೊದಲ ಸಲ ಅವನ ಬಾಯನ್ನೇ ನೋಡುತ್ತ ಕೂತಿದ್ದರು. ಇದೊಂದು ಹೇಳಿದರೆ ಉಳಿದದ್ದನ್ನಾದರೂ ಕೇಳಿಯಾರು ಎಂದುಕೊಂಡ. ನನ್ನ ಯಂತ್ರ ಎಂಥೆಂಥದನ್ನು ಹೇಳುತ್ತದೆ ನೋಡಿ ಎಂದು ತೋರಿಸುವ ಆಸೆಯೂ ಒಂದು ಚೂರು ಇತ್ತು. ಹೆಸರು ಹೇಳಿದ.

ಹೇಳಿದ್ದೇ ತಡ, ಸಭೆ ಮುಗಿಯಿತು. ಜನ ಪಂಚೆ ಕೊಡವಿಕೊಂಡು ಎದ್ದು ಹೋದರು. ವೈದ್ಯ ಚೀಟಿ ಹಿಡಿದುಕೊಂಡು ಜಗಲಿಯ ಮೇಲೆ ಒಬ್ಬನೇ ನಿಂತಿದ್ದ.

"ಅವಳ ಹೆಸರೇನು ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ದುರುಗುಟ್ಟಿ ನೋಡಿದರು. "ನೋಡು, ನಿನಗೂ ಅದೇ ಬೇಕು. ಮೂವತ್ತೆಂಟು ಮನೆಯ ಹಸುಗಳ ಗತಿ ಏನಾಯಿತು ಎಂದು ಕೇಳಲಿಲ್ಲ ನೀನು. ಹೆಸರು ನಾನು ಹೇಳುವುದಿಲ್ಲ. ಸುಮ್ಮನೆ ಕೇಳು."

ಮರುದಿನ ಡೇರಿಯಲ್ಲಿ ಅವಳ ಹಾಲನ್ನು ತೆಗೆದುಕೊಳ್ಳಲಿಲ್ಲ. ಹಸು ಗುಣವಾಗಿ ಎರಡು ತಿಂಗಳಾಗಿತ್ತು. ಅಷ್ಟು ಒಳ್ಳೆಯ ಹಾಲು ಆ ಊರಿನಲ್ಲಿ ಇನ್ನೊಂದು ಮನೆಯಲ್ಲಿ ಇತ್ತೋ ಇಲ್ಲವೋ. ಆದರೂ ತೆಗೆದುಕೊಳ್ಳಲಿಲ್ಲ. ಬಾವು ಇದ್ದ ಹತ್ತು ಮನೆಯವರ ಹಾಲು ಮಾತ್ರ ತಂಟೆ ತಕರಾರಿಲ್ಲದೆ ಕ್ಯಾನಿಗೆ ಬಿತ್ತು. ಊರ ತೊಟ್ಟಿಯಲ್ಲಿ ನೀರು ಕುಡಿಯಲೂ ಅವಳ ಹಸುವನ್ನು ಬಿಡಲಿಲ್ಲ. ವಿಷಯ ತಿಳಿದು ವೈದ್ಯ ಓಡಿ ಬಂದ. ಆ ಹಸುವಿಗೆ ಈಗ ಏನೂ ಇಲ್ಲ, ನಾನು ಬೇಕಾದರೆ ಬರೆದುಕೊಡುತ್ತೇನೆ ಎಂದ. "ನೀವೇ ಹೇಳಿದ್ದಲ್ವಾ ಸ್ವಾಮಿ," ಎಂದರು. ಒಂದು ವರ್ಷ ಅವನು ಅರಚಿದ ಮಾತು ಒಂದೂ ನೆನಪಿರದ ಊರಿಗೆ ಆ ಒಂದು ಹೆಸರು ಮಾತ್ರ ಚೆನ್ನಾಗಿ ನೆನಪಿತ್ತು.

ಅವಳು ಮತ್ತೆ ಎರಡು ಹರದಾರಿ ನಡೆದು ಬಂದಳು. ಅಳಲಿಲ್ಲ, ಜಗಳವಾಡಲಿಲ್ಲ.

"ನನ್ನ ಹಸುವಿಗೆ ಯಾರ ಮನೆಯಿಂದ ಬಂತು ಅಂತ ನಿಮ್ಮ ಯಂತ್ರ ಹೇಳ್ಲಿಲ್ವಾ?" ಎಂದು ಕೇಳಿದಳು.

"ಹಾಲು ಕೊಟ್ಟವರ ಹಸು ಮಾತ್ರ ಯಂತ್ರಕ್ಕೆ ಗೊತ್ತಾಗೋದಮ್ಮ. ಕೊಡದವರದು ಗೊತ್ತಾಗಲ್ಲ," ಎಂದ ವೈದ್ಯ.

"ಹಾಗಾದ್ರೆ ನಾನೂ ಕೊಡದೇ ಇದ್ದಿದ್ರೆ?"

ಆಗ ಮರದ ಬುಡದಲ್ಲಿ ಇನ್ನೊಬ್ಬರ ಹಸು ನಿಲ್ಲುತ್ತಿತ್ತು ಎಂದು ವೈದ್ಯನಿಗೆ ಗೊತ್ತಿತ್ತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅವಳು ಸೆರಗು ಸರಿಮಾಡಿಕೊಂಡು ಹೋದಳು. ಆ ವಾರದ ಸಂತೆಯಲ್ಲಿ ಹಸುವನ್ನು ಮಾರಿದಳು.

ತಿಂಗಳು ಕಳೆಯಿತು. ಆ ಊರಿನಿಂದ ಯಾರೂ ಬರಲಿಲ್ಲ. ಬಾವು ಅಷ್ಟು ಬೇಗ ಬಿಟ್ಟುಹೋಗುವ ರೋಗವಲ್ಲ ಎಂದು ವೈದ್ಯನಿಗೆ ಗೊತ್ತಿತ್ತು. ಎಲ್ಲ ಮನೆಯ ಹಾಲನ್ನೂ ಒಂದೇ ಸಲ ಪರೀಕ್ಷೆ ಮಾಡಿಸೋಣ ಎಂದು ಉಳಿದ ಮೂವತ್ತೇಳು ಮನೆಗೂ ಒಂದೊಂದು ಸೀಸೆ ಹಂಚಿದ. ನಾಳೆ ಬೆಳಗ್ಗೆ ನಿಮ್ಮ ನಿಮ್ಮ ಹಸುವಿನ ಹಾಲು ತುಂಬಿ ಡೇರಿಗೆ ತನ್ನಿ ಎಂದ. ನಾಲ್ಕೈದು ಬಂದರೆ ಹೆಚ್ಚು ಎಂದುಕೊಂಡಿದ್ದ. ಮೂವತ್ತೇಳೂ ಬಂದವು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ, ಒಬ್ಬರೂ ಗೊಣಗಲಿಲ್ಲ. ಸಾಲಾಗಿ ನಿಂತು ನಗುನಗುತ್ತ ಕೊಟ್ಟು ಹೋದರು. ಅವನ ಕಣ್ಣಲ್ಲಿ ನೀರೇ ಬಂತು. ಅಂತೂ ಊರಿಗೆ ಬುದ್ಧಿ ಬಂತಲ್ಲ ಎಂದುಕೊಂಡ, ಪೆದ್ದ. ಹತ್ತೊಂಬತ್ತು ಊರಿನ ಕೆಲಸ ಇತ್ತು ನಿಜ, ಆದರೂ ಹಾಲನ್ನು ತಾನೇ ನಿಂತು ಕರೆಸಬೇಕಿತ್ತು.

ವಾರದ ಮೇಲೆ ಪ್ರಯೋಗಾಲಯದಿಂದ ಫೋನು ಬಂತು. ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವಳು ಅವನ ಜೊತೆಯಲ್ಲಿ ಓದಿದವಳು.

"ಒಂದು ಸೀಸೆಯಲ್ಲೂ ರೋಗಾಣು ಇಲ್ಲ," ಎಂದಳು. ವೈದ್ಯ ಹಿಗ್ಗಿದ. "ಪೂರ್ತಿ ಕೇಳು ಮಾರಾಯ. ಹಾಲಿನಲ್ಲಿ ಹಸುವಿನ ಜೀವಕೋಶಗಳೂ ಇರುತ್ತವಲ್ಲ, ಯಂತ್ರ ಅವನ್ನೂ ಓದಿದೆ. ಮೂವತ್ತೇಳು ಸೀಸೆಯಲ್ಲೂ ಇರೋದು ಒಂದೇ ಹಸು."

ಆ ಊರಿನಲ್ಲಿ ಬಾವಿಲ್ಲವೆಂದು ಎಲ್ಲರಿಗೂ ಖಾತ್ರಿಯಿದ್ದ ಹಸು ಯಾವುದೆಂದು ವೈದ್ಯನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಡೇರಿಯ ಕಾರ್ಯದರ್ಶಿಯದು, ಕರು ಹಾಕಿ ತಿಂಗಳಾಗಿತ್ತು. ಬೆಳಗ್ಗೆ ಕರೆದ ಹಾಲನ್ನು ಅವನು ಊರಿಗೆಲ್ಲ ಸುರಿದುಕೊಟ್ಟಿದ್ದ. ವೈದ್ಯನಿಗೆ ಮೈಯೆಲ್ಲ ಉರಿಯಿತು. ಹೋಗಿ ಅವನನ್ನು ಹಿಡಿದು ನಿಲ್ಲಿಸಿದ.

"ಏನಯ್ಯಾ ಇದು ನಾಟಕ? ಸಾಯ್ತಿರೋದು ನಿಮ್ಮ ಹಸುಗಳು. ನಿಮಗೆ ನೀವೇ ಮೋಸ ಮಾಡ್ಕೊಂಡ್ರೆ ನಾನೇನು ಮಾಡ್ಲಿ?"

ಕಾರ್ಯದರ್ಶಿ ತಪ್ಪು ಮಾಡಿದವನ ಹಾಗೆ ಕಾಣಲಿಲ್ಲ. "ನೀವು ಹೆಸರು ಹೇಳ್ತೀರಿ ಸ್ವಾಮಿ. ಇವರೆಲ್ಲ ಒಂದು ಹಸು, ಎರಡು ಹಸು ಇಟ್ಕೊಂಡು ಬದುಕೋ ಜನ," ಎಂದ.

ವೈದ್ಯ ಅವತ್ತೇ ಮನೆಮನೆಗೆ ನುಗ್ಗಿ ಒಂದೊಂದು ಹಸುವಿನ ಕೆಚ್ಚಲನ್ನೂ ಕೈಯಿಂದ ಮುಟ್ಟಿ ನೋಡಿದ. ಇಪ್ಪತ್ತಾರು ಹಸುಗಳಿಗೆ ಬಾವು. ಅವನಿಗೆ ಗೊತ್ತಾಗದ ಹಾಗೆ ನಾಲ್ಕನೆಯ ಔಷಧಿಯನ್ನು ಪೇಟೆಯಿಂದ ತರಿಸಿ ಮನೆಯವರೇ ಹಾಕಿದ್ದರು. ಎಲ್ಲರೂ ಎರಡೆರಡು ದಿನ. ಅದೂ ಈಗ ನಾಟುತ್ತಿರಲಿಲ್ಲ. ಅವನು ಚೀಲ ಹಿಡಿದುಕೊಂಡು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋದ, ಚೀಲದೊಳಗೆ ಕೊಡಲು ಏನೂ ಉಳಿದಿರಲಿಲ್ಲ. ಎರಡು ತಿಂಗಳಲ್ಲಿ ಕಾರ್ಯದರ್ಶಿಯ ಹಸುವಿಗೂ ಬಾವು ಬಂತು. ಅವನೂ ಯಾರಿಗೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಅದು ಆ ಊರಿನವರ ಅಜ್ಞಾನ ಗುರುಗಳೇ. ನಮ್ಮ ವಠಾರದವರು ಓದುಬರಹ ಬಲ್ಲವರು. ಮತ್ತೆ ನನ್ನ ಯಂತ್ರ ತಪ್ಪಿಲ್ಲ, ನಾನೇ ಎರಡು ಸಲ ನೋಡಿದ್ದೇನೆ. ಬುಡದಲ್ಲಿರುವುದು ಆ ಹೊಲಿಗೆಯವಳೇ," ಎಂದ.

ಗುರುಗಳು ಹಣೆ ಒತ್ತಿಕೊಂಡರು.

"ಇರಬಹುದು. ಆದರೆ ಆ ಹದಿನಾಲ್ಕು ಜನರಲ್ಲಿ, ಯಾರೂ ಕರೆಯದೆ, ಎಲ್ಲರಿಗಿಂತ ಮೊದಲು ತಾನಾಗಿ ಆಸ್ಪತ್ರೆಗೆ ಬಂದು ಕಫ ಕೊಟ್ಟವರು ಯಾರು?"

ಶಿಷ್ಯ ಕಾಗದ ಬಿಡಿಸಿ ತಾರೀಕುಗಳನ್ನು ನೋಡಿದ. ಎಲ್ಲಕ್ಕಿಂತ ಹಳೆಯ ತಾರೀಕು ಆ ಹೊಲಿಗೆಯವಳ ಹೆಸರಿನ ಮುಂದೆಯೇ ಇತ್ತು.