ಓರೆ ಕೂತ ಸವಾರ

“ತಮ್ಮ ಹೋಗಿ ವರ್ಷವಾಯಿತು, ಗುರುಗಳೇ. ಇವತ್ತಿಗೂ ಊಟಕ್ಕೆ ಕೂತರೆ ನನ್ನ ಕೈ ಅನ್ನವನ್ನು ಮಿದ್ದು ಮಿದ್ದು ಗಂಜಿ ಮಾಡುತ್ತದೆ. ಈ ಚಾಳಿ ನನ್ನನ್ನು ಬಿಟ್ಟು ಹೋಗುವುದು ಯಾವಾಗ?”

ಕೇಳಿದವನು ಶಂಭುಲಿಂಗ. ಅವನ ತಮ್ಮ ಹುಟ್ಟಿನಿಂದಲೂ ಅಗಿಯಲಾರದವನು. ಅಂಥವನಿಗೆ ಕೈತುತ್ತು ಹಾಕಿ ಸಾಕಿದ್ದು ಶಂಭುಲಿಂಗನೇ. ತಮ್ಮ ತೀರಿಕೊಂಡ ಮೇಲೆ ಮಠಕ್ಕೆ ಬಂದು ಸೇರಿದ್ದ. ಪಂಕ್ತಿಯಲ್ಲಿ ಅಕ್ಕಪಕ್ಕ ಕೂತವರು ಅವನ ತಟ್ಟೆ ನೋಡಿ ನಗುತ್ತಿದ್ದರು. ನಗುವನ್ನು ಅವನು ಲೆಕ್ಕಕ್ಕಿಟ್ಟಿರಲಿಲ್ಲ. ಆದರೆ ಊಟ ಊಟಕ್ಕೂ ತಮ್ಮ ಇನ್ನೊಮ್ಮೆ ಸಾಯುತ್ತಿದ್ದ. ಅದನ್ನು ತಾಳುವುದು ಅವನಿಂದ ಆಗುತ್ತಿರಲಿಲ್ಲ.

ಗುರುಗಳು ಅವನಿಗೆ ಸಮಾಧಾನ ಹೇಳಲಿಲ್ಲ. ಬೆನ್ನು ಸವರಿ ಕಳಿಸುವವರ ಪೈಕಿ ಅವರಲ್ಲ. ಕೂರು ಎಂದರು, ಕತೆ ಹೇಳಿದರು.

ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹತ್ತಿರ ಭಾರಿ ತೂಕದ ಒಂದು ಮೋಟಾರ್ ಸೈಕಲ್ ಇತ್ತು. ಅಗಲವಾದ ಸೀಟು, ಎಮ್ಮೆಯಂಥ ಮೈ. ಅವಸರ ಎಂಬುದು ಆ ಗಾಡಿಗೆ ಗೊತ್ತಿರಲಿಲ್ಲ. ಅದರ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಅಂಗಡಿಯ ಆಳುಗಳು ಹರಟೆ ನಿಲ್ಲಿಸಿ ಬಟ್ಟೆ ಮಡಿಸಲು ಕೂರುತ್ತಿದ್ದರು. ವಾರಕ್ಕೊಮ್ಮೆ ಅಂಗಡಿಗೆ ರಜೆ. ಅಂದು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೆಟ್ಟದ ದಾರಿ ಹಿಡಿಯುತ್ತಿದ್ದ. ಮೇಲೆ ಹೋಗಿ ಟೀ ಕುಡಿದು ಇಳಿದು ಬರುತ್ತಿದ್ದರು. ಅದಕ್ಕಿಂತ ದೊಡ್ಡ ಸುಖವನ್ನು ಇಬ್ಬರೂ ಕೇಳಿದವರಲ್ಲ.

ಸೀರೆ ಉಟ್ಟ ಹೆಂಗಸರು ಕೂರುವ ರೀತಿಯಲ್ಲೇ ಅವಳೂ ಕೂರುತ್ತಿದ್ದಳು. ಎರಡೂ ಕಾಲು ಎಡಗಡೆಗೆ ಇಳಿಬಿಟ್ಟು, ಒಂದೇ ಪಕ್ಕಕ್ಕೆ. ಆಳೂ ಸ್ವಲ್ಪ ತೂಕದವಳೇ. ಮದುವೆಯಾದ ಹೊಸತರಲ್ಲಿ ಗಾಡಿ ಎಡಕ್ಕೆ ವಾಲಿ ಇಬ್ಬರೂ ಬೇಲಿಗೆ ಹೋಗಿ ಬಿದ್ದದ್ದುಂಟು. ಆಚೆ ಒಂದು ಈಚೆ ಒಂದು ಕಾಲು ಹಾಕಿಕೊಂಡು ಕೂರಬಾರದೇ ಎಂದು ಅವನು ಗೊಣಗಿದ. ಅವಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

“ನನ್ ಪಾಡಿಗೆ ನಾನು ಕೂತಿರ್ತೀನಿ ಕಣ್ರೀ. ಸರಿದೂಗಿಸ್ಕೊಂಡು ಹೋಗೋದು ನಿಮ್ ಕೆಲ್ಸ,” ಎಂದಳು.

ಅವನು ಸರಿದೂಗಿಸಿಕೊಂಡ. ಸೀಟಿನ ಮೇಲೆ ತುಸು ಬಲಕ್ಕೆ ಸರಿದು ಕೂತ, ಬಲ ಭುಜವನ್ನು ಕೊಂಚ ಇಳಿಸಿದ. ಅವಳ ಭಾರಕ್ಕೂ ಅವನ ಓರೆಗೂ ಸರಿಹೋಯಿತು. ಗಾಡಿ ನೆಟ್ಟಗೆ ನಡೆಯಿತು. ಬರುಬರುತ್ತಾ ತಾನು ಓರೆ ಕೂತಿದ್ದೇನೆ ಎಂಬುದೇ ಅವನಿಗೆ ಮರೆತುಹೋಯಿತು. ಒಬ್ಬನೇ ಅಂಗಡಿಗೆ ಹೋಗುವಾಗಲೂ ಹಾಗೆಯೇ ಕೂರುತ್ತಿದ್ದ. ಆ ಎಮ್ಮೆಯಂಥ ಗಾಡಿಗೆ ಅಷ್ಟು ಓರೆ ಒಂದು ಲೆಕ್ಕವಾಗಿರಲಿಲ್ಲ.

ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ. ಅವಳು ಹೋದಳು.

ವ್ಯಾಪಾರಿ ಅಂಗಡಿ ತೆರೆದ, ಮುಚ್ಚಿದ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲು ಮಾತ್ರ ಅವನಿಂದ ಆಗಲಿಲ್ಲ. ವಯಸ್ಸಾಯಿತು, ತೋಳಿನಲ್ಲಿ ಕಸುವಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ನಿಜ ಏನೆಂದು ಮಗಳಿಗೆ ಗೊತ್ತಿತ್ತು. ಆ ಹಿಂದಿನ ಸೀಟು ಕಣ್ಣಿಗೆ ಬೀಳುತ್ತಿರುವಷ್ಟು ದಿನ ಅಪ್ಪ ಚೇತರಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದು ಅವಳೇ ಅದನ್ನು ಮಾರಿಸಿದಳು. ಪಕ್ಕದ ಊರಿನ ಒಬ್ಬ ಗುತ್ತಿಗೆದಾರ ಕೊಂಡುಹೋದ.

ಅದರ ಜಾಗಕ್ಕೆ ಹಗುರವಾದ ಹೊಸ ಗಾಡಿ ಬಂತು. ಪಡ್ಡೆ ಹುಡುಗರು ಓಡಿಸುವಂಥದ್ದು. ಮುಂದಕ್ಕೆ ಬಾಗಿ ಕೂರಬೇಕು, ಕಿವಿ ಹಿಂಡಿದರೆ ಚಿಮ್ಮುತ್ತದೆ, ಸೊಂಟ ಅಲ್ಲಾಡಿಸಿದರೆ ತಿರುಗುತ್ತದೆ. ಹಿಂದಿನ ಸೀಟು ಹೆಸರಿಗೆ ಮಾತ್ರ, ಗುಬ್ಬಿ ಕೂರುವಷ್ಟು. ಅಂಥದ್ದೇ ಬೇಕೆಂದು ಆರಿಸಿಕೊಂಡವನು ವ್ಯಾಪಾರಿಯೇ. ಸೀರೆ ಉಟ್ಟವರು ಯಾರೂ ಅದರ ಮೇಲೆ ಕೂರುವಂತಿರಲಿಲ್ಲ. ಇನ್ನು ನೆನಪು ಬೆನ್ನು ಹತ್ತುವುದಿಲ್ಲ ಎಂದು ಅವನು ನಂಬಿದ.

ಆದರೆ ಹೊಸ ಗಾಡಿ ಬಲಕ್ಕೆ ಎಳೆಯುತ್ತಿತ್ತು. ನೆಟ್ಟಗಿನ ರಸ್ತೆಯಲ್ಲೂ ಎದುರಿನಿಂದ ಬರುವವರ ಕಡೆಗೇ ಸರಿಯುತ್ತಿತ್ತು. ಮಾರಿದವರ ಬಳಿ ಹೋಗಿ ಜಗಳ ತೆಗೆದ. ಅವರು ಚಕ್ರ ಬಿಚ್ಚಿ ನೋಡಿದರು, ತಾವೇ ಓಡಿಸಿ ನೋಡಿದರು, ಗಾಡಿಯಲ್ಲಿ ಯಾವ ದೋಷವೂ ಇಲ್ಲ ಎಂದರು. ಅವನು ನಂಬಲಿಲ್ಲ. ಮಾರುವವರ ಮಾತಿಗೆ ಎಷ್ಟು ಬೆಲೆ ಎಂಬುದು ವ್ಯಾಪಾರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ರಜೆಯ ದಿನ ಬೆಟ್ಟದ ದಾರಿಯಲ್ಲಿ ಬಸ್ಸು ಎದುರಾಯಿತು. ಗಾಡಿ ಬಸ್ಸಿನತ್ತಲೇ ನಡೆಯಿತು. ಬಸ್ಸಿನವನು ಹೇಗೋ ತಿರುಗಿಸಿಕೊಂಡ. ವ್ಯಾಪಾರಿ ಜಲ್ಲಿಯ ಮೇಲೆ ಬಿದ್ದು ಮುಂಗೈ ಮುರಿದುಕೊಂಡ. ತಲೆಗೆ ಬಂದದ್ದು ಕೈಗೆ ಹೋಯಿತು ಎಂದು ನೋಡಲು ಬಂದವರು ಹೇಳಿದರು.

ಕೈ ಕೂಡಿದ ಮೇಲೆ ಮತ್ತೆ ಗಾಡಿ ಹತ್ತಿದ. ಅಂಗಡಿಯ ಬಾಗಿಲಲ್ಲಿ ಆಳೆತ್ತರದ ಕನ್ನಡಿ ಇತ್ತು, ಗಿರಾಕಿಗಳು ಸೀರೆ ಹೊದ್ದು ನೋಡಿಕೊಳ್ಳಲೆಂದು ಇಟ್ಟದ್ದು. ಹೊರಡುವಾಗ ಅದರಲ್ಲಿ ತನ್ನನ್ನು ಕಂಡ. ಬಲಕ್ಕೆ ಸರಿದು ಕೂತಿದ್ದ. ಬಲ ಭುಜ ಇಳಿದಿತ್ತು. ಗಾಡಿಯನ್ನು ಬಲಕ್ಕೆ ಎಳೆಯುತ್ತಿದ್ದವನು ತಾನೇ ಎಂದು ತಿಳಿಯಿತು. ಬೆನ್ನ ಹಿಂದೆ ಯಾರೂ ಇಲ್ಲ ಎಂದು ಅವನ ಮೈಗೆ ಯಾರೂ ಹೇಳಿರಲಿಲ್ಲ. ಅದು ಇನ್ನೂ ಅವಳನ್ನು ಸರಿದೂಗಿಸುತ್ತಲೇ ಇತ್ತು. ಎಂಜಿನ್ ಆರಿಸಿ ಬೀದಿಯಲ್ಲೇ ಕೂತು ಅತ್ತ. ಆಳುಗಳು ನೋಡಲಾರದೆ ಒಳಗೆ ಹೋದರು.

ವಿಷಯ ಕೇಳಿ ಮಗಳು ಹೆದರಿದಳು. ಅಮ್ಮನನ್ನು ಕಳೆದುಕೊಂಡಾಯಿತು, ಇನ್ನು ಅಪ್ಪನನ್ನೂ ರಸ್ತೆಗೆ ಕೊಡಲಾರೆ ಎಂದಳು. ಒಂದೋ ಗಾಡಿ ಬಿಡಬೇಕು, ಇಲ್ಲವೇ ನೆಟ್ಟಗೆ ಕೂರಲು ಕಲಿಯಬೇಕು ಎಂದು ಆಣೆ ಹಾಕಿಸಿದಳು.

ಅವನು ಕಲಿಯಲು ಹೊರಟ. ಸಂತೆ ಇಲ್ಲದ ದಿನಗಳಲ್ಲಿ ಸಂತೆ ಮೈದಾನಕ್ಕೆ ಹೋದ. ಟ್ಯಾಂಕಿನ ನಟ್ಟನಡುವೆ ಬಿಳಿ ದಾರ ಎಳೆದು ಅಂಟಿಸಿ, ಗದ್ದವನ್ನು ಅದರ ನೇರಕ್ಕೆ ಇಟ್ಟು ಸುತ್ತು ಹಾಕಿದ. ಮೈ ಬಲಕ್ಕೆ ಜಾರಿದಾಗಲೆಲ್ಲ ತನ್ನನ್ನು ತಾನೇ ಬೈದುಕೊಂಡ. ಮೈ ಮೊಂಡು ಹಿಡಿಯಿತು, ಆಮೇಲೆ ಸೋತಿತು. ಒಂದು ದಿನ ದಾರ ಬೇಡವಾಯಿತು. ಹೇಳಿದತ್ತ ಗಾಡಿ ತಿರುಗಿತು. ಮಗಳು ಒಬ್ಬಟ್ಟು ಮಾಡಿ ಬಡಿಸಿದಳು.

ಅದೇ ಹುರುಪಿನಲ್ಲಿ ಅವನು ಬೆಟ್ಟ ಹತ್ತಿದ. ತಿರುವುಗಳೆಲ್ಲ ನೀರು ಕುಡಿದಷ್ಟು ಸಲೀಸಾದವು. ಗಾಳಿ ಮುಖಕ್ಕೆ ಹೊಡೆಯುವಾಗ ಹರೆಯ ಮರಳಿದಂತೆನಿಸಿ ನಕ್ಕ. ಮೇಲೆ ಹೋಗಿ ಗಾಡಿ ನಿಲ್ಲಿಸಿ ಇಳಿದ ಮೇಲೆ ಅವನಿಗೆ ಹೊಳೆಯಿತು. ಇಷ್ಟು ದೂರದ ದಾರಿಯಲ್ಲಿ ಅವಳು ಒಮ್ಮೆಯೂ ನೆನಪಾಗಿರಲಿಲ್ಲ.

ಇಳಿಯುವಾಗ ಬೇಕೆಂದೇ ಬಲಕ್ಕೆ ಸರಿದು ಕೂತ, ಭುಜ ಇಳಿಸಿದ. ಹಳೆಯ ಓರೆ ಬರಲಿಲ್ಲ. ಓರೆ ಎಷ್ಟಿತ್ತು, ಎಲ್ಲಿಂದ ಶುರುವಾಗುತ್ತಿತ್ತು ಎಂಬುದು ಮೈಗೆ ಮರೆತುಹೋಗಿತ್ತು. ಸರಿದು ಕೂತರೆ ಯಾರನ್ನೋ ಅಣಕಿಸಿದಂತಿತ್ತು. ಮತ್ತೆ ಸರಿದ, ಮತ್ತೆ ತಪ್ಪಿತು. ಅವಳು ಬದುಕಿದ್ದಷ್ಟು ಕಾಲ ತನ್ನ ಮೈಯಲ್ಲಿ ಅವಳಿಗೆ ಒಪ್ಪಿಸಿದ್ದ ಜಾಗವನ್ನು ಅವನು ಅಳಿಸಿ ಹಾಕಿದ್ದ. ಹಾಗೆ ಮಾಡಿದ್ದು ಅವನೇ, ಬೆವರು ಸುರಿಸಿ, ಹಟ ಹಿಡಿದು.

ಮನೆಗೆ ಹೋಗಲಿಲ್ಲ. ನೇರವಾಗಿ ಪಕ್ಕದ ಊರಿಗೆ, ಗುತ್ತಿಗೆದಾರನ ಮನೆಗೆ ಹೋದ. ಹಳೆಯ ಗಾಡಿಯ ಮೇಲೆ ಒಂದು ಗಳಿಗೆ ಕೂತರೆ ಸಾಕು, ಮೈಗೆ ಹಳೆಯ ಓರೆ ತಿಳಿಯುತ್ತದೆ ಎಂಬ ಆಸೆ. ಗಾಡಿ ಜಗಲಿಯ ಪಕ್ಕದಲ್ಲೇ ನಿಂತಿತ್ತು. ಹತ್ತಿ ಕೂತ. ಸೀಟು ಹಲಗೆಯಂತೆ ಸಮವಾಗಿತ್ತು.

“ಹಳೇ ಸೀಟು ಒಂದ್ ಕಡೆಗೆ ಕುಸ್ದೋಗಿತ್ತು ಸಾವ್ಕಾರ್ರೇ,” ಎಂದ ಗುತ್ತಿಗೆದಾರ. “ಕೂತ್ರೆ ಸೊಂಟ ಹಿಡ್ಕೊಳ್ತಿತ್ತು. ಕಿತ್ತು ಬಿಸಾಕಿ ಹೊಸದು ಹಾಕಿಸ್ದೆ.”

ಎಲ್ಲಿ ಬಿಸಾಡಿದೆ ಎಂದು ವ್ಯಾಪಾರಿ ಕೇಳಿದ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಗುತ್ತಿಗೆದಾರ ನಕ್ಕ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ವ್ಯಾಪಾರಿ ಏನು ಮಾಡಿದ ಎಂದು ಶಂಭುಲಿಂಗ ಕೇಳಿದ.

“ಮಾಡಲು ಏನಿತ್ತು? ನೆಟ್ಟಗೆ ಕೂತು ಮನೆಗೆ ಹೋದ.”

ತನ್ನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲವೆಂದು ಶಂಭುಲಿಂಗ ಮತ್ತೆ ಬಾಯಿ ತೆರೆದ. ಗುರುಗಳು ಕೈಯೆತ್ತಿ ತಡೆದರು.

“ನಿನ್ನ ಚಾಳಿಯೂ ಹೋಗುತ್ತದೆ, ಶಂಭುಲಿಂಗ. ಅದು ಹೋದ ದಿನ, ಮರಳಿ ಬೇಕೆಂದು ನನ್ನ ಹತ್ತಿರ ಬರಬೇಡ. ಆಗ ನಿನಗೆ ಹೇಳಲು ನನ್ನಲ್ಲಿ ಕತೆಯೂ ಇರುವುದಿಲ್ಲ.”