ನತಾಲ್ ಬಾಯಿಯ ಹರಳುಗಿಡ

ನೆಟ್ಟಗೆ ಕುಳಿತು ಕೇಳಿ, ಮಕ್ಕಳೇ. ಬಹಳ ಹಿಂದೆ, ಹೊಳೆ ಕಡಲನ್ನು ಸೇರುವಲ್ಲಿ ಒಂದು ಊರಿತ್ತು. ಆ ಊರಿನ ಅಂಗಳಗಳಲ್ಲೆಲ್ಲ ಮಲ್ಲಿಗೆ. ಅಲ್ಲಿ ನತಾಲ್ ಬಾಯಿ ಎಂಬ ವಿಧವೆ ಇದ್ದಳಂತೆ. ಅವಳಿಗೆ ಪಾವ್ಲಿನಾ ಎಂಬ ಒಬ್ಬಳೇ ಮಗಳು. ನತಾಲ್ ಬಾಯಿ ಮುಟ್ಟಿದ ಗಿಡ ಒಣಗದು ಎನ್ನುತ್ತಿದ್ದರು. ಎಲೆಗೆ ಕಿವಿಯಿಟ್ಟರೆ ಅದರ ನೋವು ಅವಳಿಗೆ ಕೇಳಿಸುತ್ತಿತ್ತು ಎಂದೂ ಹೇಳುತ್ತಾರೆ.

ಬಿಸಿಲು ಬಲಿಯುತ್ತಲೇ ಮಲ್ಲಿಗೆಗೆ ಕೆಂಪು ನುಸಿ ಹತ್ತುತ್ತಿತ್ತು. ಧೂಳಿನಂತೆ ಕಾಣುವ ನುಸಿ. ಎಲೆಯ ರಸ ಹೀರಿ ಹಸಿರನ್ನು ಬೂದಿ ಮಾಡುತ್ತಿತ್ತು. ಅದರ ಬೆನ್ನಿಗೇ ಸಾಸಿವೆ ಕಾಳಿನಷ್ಟು ಚಿಕ್ಕ ಕಪ್ಪು ಹುಳ ಬರುತ್ತಿತ್ತು. ನುಸಿ ಹೆಚ್ಚಿದಂತೆ ಹುಳವೂ ಹೆಚ್ಚುತ್ತಿತ್ತು. ಬಾಡಿದ ಎಲೆಯ ಮೇಲೆಯೇ ಅದು ಕಾಣುವುದರಿಂದ, ಎಲೆ ಕೆಡಿಸುವುದು ಆ ಹುಳವೇ ಎಂದು ಊರವರು ಹೊಗೆ ಹಾಕುತ್ತಿದ್ದರು. ನತಾಲ್ ಬಾಯಿ ಮಾತ್ರ ಎಲೆ ಮಗುಚಿ, ಹುಳ ನುಸಿಯನ್ನು ತಿನ್ನುವುದನ್ನು ಕಂಡಿದ್ದಳು. ಮನೆ ಮನೆಗೆ ಹೋಗಿ ಹೊಗೆ ಹಾಕುವುದನ್ನು ಬಿಡಿಸಿದಳಂತೆ.

ಮಳೆ ಬಂದರೆ ನುಸಿ ತೊಳೆದುಹೋಗುತ್ತಿತ್ತು. ತಿನ್ನಲು ಸಿಗದೆ ಹುಳವೂ ಕಾಣೆಯಾಗುತ್ತಿತ್ತು. ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ನತಾಲ್ ಬಾಯಿ ಹುಡುಕಿದಳು. ಅವಳ ಅಂಗಳದ ಬಾವಿಯ ಬಳಿ ಹರಳುಗಿಡವೊಂದಿತ್ತು. ಅದರ ಅಗಲ ಎಲೆಗಳ ಅಡಿಯಲ್ಲಿ, ಅಳಿದುಳಿದ ನುಸಿ ತಿನ್ನುತ್ತ, ಒಂದು ಹಿಡಿಯಷ್ಟು ಹುಳ ಮಳೆ ಚಳಿ ಕಳೆಯುತ್ತಿತ್ತು. ಬೇಸಿಗೆಯಲ್ಲಿ ಊರಿಗೆಲ್ಲ ಹರಡುತ್ತಿದ್ದುದು ಆ ಹಿಡಿಯೇ. ಉಳಿದವರಿಗೆ ಹರಳುಗಿಡವೆಂದರೆ ಕಸ, ಕಂಡಲ್ಲಿ ಕಿತ್ತೆಸೆಯುತ್ತಿದ್ದರು.

ಪಾವ್ಲಿನಾಳಿಗೆ ಮದುವೆ ಗೊತ್ತಾಯಿತು. ಕ್ರಿಸ್ಮಸ್ ಕಳೆದ ಮೇಲೆ, ಚಪ್ಪರದ ಜಾಗ ನೋಡಲು ಗಂಡಿನ ಸೋದರಮಾವ ಪೆದ್ರು ಪೊರ್ಬು ಬಂದ. ಹರಳುಗಿಡ ಚಪ್ಪರದ ನಟ್ಟನಡುವೆ ಬರುತ್ತಿತ್ತು.

"ಏನು ಬಾಯೀ, ನಮ್ಮ ದಿಬ್ಬಣ ಈ ಕಾಡಿಗೆ ಬಗ್ಗಿ ಒಳಗೆ ಬರಬೇಕೇ?" ಎಂದು ನಕ್ಕನಂತೆ.

ನತಾಲ್ ಬಾಯಿ ಹುಳದ ವಿಷಯ ತಿಳಿಸಿ ಹೇಳಿದಳು.

"ಹುಳಕ್ಕೆ ಮನೆ ಬೇಕು, ಸರಿ. ನಿಮ್ಮ ಮಗಳಿಗೆ ಬೇಡವೇ?" ಎಂದ ಪೊರ್ಬು.

ಪಾವ್ಲಿನಾ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ನೋಡಲಾರದೆ ನತಾಲ್ ಬಾಯಿ ತಾನೇ ಕತ್ತಿ ತಂದಳು. ಹರಳುಗಿಡ ಮದುವೆಯ ಒಲೆಗೆ ಹೋಯಿತು. ಮದುವೆ ಚೆನ್ನಾಗಿಯೇ ನಡೆಯಿತು. ಪಾವ್ಲಿನಾ ಮುಡಿದ ಮಲ್ಲಿಗೆಯ ಪರಿಮಳ ಹೊಳೆಯಾಚೆಗೂ ಹೋಗಿತ್ತು ಎನ್ನುತ್ತಾರೆ.

ಬೇಸಿಗೆ ಬಂತು. ನುಸಿ ಬಂತು. ಹುಳ ಬರಲಿಲ್ಲ.

ಮಲ್ಲಿಗೆ ಗಿಡಗಳು ಬುಡದವರೆಗೆ ಒಣಗಿದವು. ಮಳೆ ಬಿದ್ದರೂ ಚಿಗುರಲಿಲ್ಲ. ಆ ಮಳೆ ನಿಂತ ಮೇಲೆ ಪಾವ್ಲಿನಾ ಚೊಚ್ಚಲ ಹೆರಿಗೆಗೆ ತಾಯಿಯ ಮನೆಗೆ ಬಂದಳು. ಹೆರಿಗೆಯಲ್ಲಿ ಪಾವ್ಲಿನಾಳೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಅವಳ ತಲೆಗೆ ಕೊನೆಯದಾಗಿ ಹೂ ಮುಡಿಸಬೇಕಲ್ಲ, ಮಕ್ಕಳೇ? ಮಲ್ಲಿಗೆಯ ಊರಿನಲ್ಲಿ ಅಂಗಳ ಅಂಗಳ ಹುಡುಕಿದರೂ ಒಂದು ಮೊಗ್ಗು ಸಿಗಲಿಲ್ಲ. ಬರಿದಲೆಯಲ್ಲೇ ಅವಳನ್ನು ಕಳುಹಿಸಿದರು.

ಮಣ್ಣು ಮುಚ್ಚಿದ ಮೇಲೆ ನತಾಲ್ ಬಾಯಿ ಮನೆಗೆ ಹೋಗಲಿಲ್ಲ, ಹೊಳೆ ದಾಟಿ ಹೋದಳಂತೆ. ಘಟ್ಟದ ಬುಡಕ್ಕೆ ಹೋದಳೆಂದು ಕೆಲವರು ಹೇಳುತ್ತಾರೆ, ಕಡಲ ನಡುವಿನ ದ್ವೀಪಕ್ಕೆ ಎಂದು ಕೆಲವರು. ತಿರುಗಿ ಬಂದಾಗ ಅವಳ ಸೊಂಟದ ಮೇಲೆ ಒಂದು ಮಡಕೆ, ಮಡಕೆಯಲ್ಲಿ ಎಳೆಯ ಹರಳುಗಿಡ, ಎಲೆಯಡಿಯಲ್ಲಿ ಕಪ್ಪು ಹುಳ. ಗಿಡಕ್ಕೆ ಸೆರಗಿನ ನೆರಳು ಹಿಡಿದು, ತಾನು ಬಿಸಿಲಲ್ಲಿ ನಡೆದಿದ್ದಳಂತೆ. ಹಳೆಯ ಜಾಗದಲ್ಲೇ ಅದನ್ನು ನೆಟ್ಟಳು. ಊರವರು ಮತ್ತೆ ಮಲ್ಲಿಗೆ ನೆಟ್ಟರು. ಹುಳ ಹರಡಿತು, ಹೂವೂ ಅರಳಿತು. ನತಾಲ್ ಬಾಯಿ ಸಾಯುವವರೆಗೂ ಅದನ್ನು ಕಟ್ಟಲಿಲ್ಲ, ಮೂಸಲಿಲ್ಲ.

ಆ ಊರು ಇದೇ. ನೋಡಿದ್ದೀರಲ್ಲ, ಇಲ್ಲಿ ಪ್ರತಿ ಬಾವಿಯ ಬಳಿ ಹರಳುಗಿಡ ಇದೆ. ಮದುವೆಗೂ ಅದನ್ನು ಕಡಿಯುವುದಿಲ್ಲ. ಮದುಮಗಳು ಮೊದಲ ಮಾಲೆಯನ್ನು ಅದಕ್ಕೆ ಕಟ್ಟಿ, ಆಮೇಲೆ ತಾನು ಮುಡಿಯುತ್ತಾಳೆ. ಚಪ್ಪರವನ್ನು ಗಿಡದ ಸುತ್ತ ಬಳಸಿ ಕಟ್ಟುತ್ತೇವೆ. ನಿಮ್ಮ ಚಪ್ಪರವೇಕೆ ಇಷ್ಟು ಸೊಟ್ಟ ಎಂದು ಗಂಡಿನ ಕಡೆಯವರು ಈಗಲೂ ನಗುತ್ತಾರೆ. ನಾವು ಕಾರಣ ಹೇಳುವುದಿಲ್ಲ. ಬಗ್ಗಿ ಬನ್ನಿ ಎನ್ನುತ್ತೇವೆ.