ನಡು ಹಿಡಿದ ಮುದ್ದ

ಕೇಳ್ರಪ್ಪಾ, ಹೆಸರಿಗೆ ಮುದ್ದ, ಊರೋರ ಬಾಯಲ್ಲಿ ಪೆದ್ದ. ತಾಯಿ ಹೊನ್ನಮ್ಮನಿಗೆ ಒಬ್ಬನೇ ಮಗ, ಒಂದೇ ಚಿಂತೆ. ಈ ಮಹಾರಾಯನಿಗೆ ಹೆಣ್ಣು ಕೊಡೋರು ಯಾರು? ಕೊನೆಗೆ ಜಟಕಾ ಹೊಡೆಯೋ ಕೆಂಚಪ್ಪ ಒಂದು ಮಾತು ಕೊಟ್ಟ. ಅವನಿಗೆ ಚದುರಂಗ ಅಂದ್ರೆ ಪ್ರಾಣ. "ಮೂರು ಸಲ ಕೂರಿಸಿ ನೋಡ್ತೀನಿ ಕಣಮ್ಮ. ಹತ್ತೇ ಹತ್ತು ನಡೆ ನೆಟ್ಟಗೆ ಆಡಿದ್ರೆ ನಮ್ಮ ಸಾಕಮ್ಮನ್ನ ಕೊಡ್ತೀನಿ!"

ಹೊನ್ನಮ್ಮ ಅಪ್ಪನ ತೊಡೆ ಮೇಲೆ ಕೂತು ಆಟ ಕಲಿತವಳು. "ಮಗಾ, ಶುರುವಿನಲ್ಲೇ ನಡು ಹಿಡಿ. ಹಿಡಿದ ಮೇಲೆ ಬಿಡಬೇಡ!"

"ಆಗಲಿ ಕಣವ್ವ."

ಹೋದ. ಕೆಂಚಪ್ಪ ಹಲಗೆ ಇಟ್ಟು ಕಾಯಿ ಜೋಡಿಸೋಕೆ ಬಗ್ಗಿದ. ಮುದ್ದ ಹಿಂದಿನಿಂದ ಅವನ ನಡು ತಬ್ಬಿ ಹಿಡಿದ!

"ಬಿಡೋ!"

"ಬಿಡಲ್ಲ ಮಾವ!"

"ಉಸಿರು ಕಟ್ತದೋ!"

"ಅವ್ವ ಬಿಡಬೇಡ ಅಂದವಳೆ!"

ಬಿಡಿಸೋಕೆ ನಾಲ್ಕು ಜನ ಬೇಕಾಯ್ತು.

ಹೊನ್ನಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ನಡು ಅಂದ್ರೆ ಸೊಂಟ ಅಲ್ವೋ, ಹಲಗೆ ಮಧ್ಯದ ನಾಲ್ಕು ಮನೆ! ಇನ್ಮೇಲೆ ಯಾರನ್ನೂ ಹಿಡೀಬೇಡ. ಮಂತ್ರಿ ಒಳಗಿರಲಿ, ಮೊದಲು ಕುದುರೆ ಹೊರಗೆ ಬಿಡು."

"ಆಗಲಿ ಕಣವ್ವ."

ಹೋದ. ಕೆಂಚಪ್ಪನ ಅಂಗಳದಲ್ಲೇ ಜಟಕಾ ಕುದುರೆ ಕಟ್ಟಿತ್ತು. ಹಗ್ಗ ಬಿಚ್ಚಿದ, ಬೆನ್ನಿಗೊಂದು ತಟ್ಟಿದ. ಕುದುರೆ ಓಟ ಕಿತ್ತಿತು!

"ಹಿಡಿಯೋ, ಹಿಡಿಯೋ!" ಅಂತ ಕೆಂಚಪ್ಪ ಬಾಯಿ ಬಡ್ಕೊಂಡ.

ಮುದ್ದ ಕೈಕಟ್ಟಿ ನಿಂತ. "ಯಾರನ್ನೂ ಹಿಡೀಬೇಡ ಅಂದವಳೆ ಅವ್ವ."

ಕುದುರೆ ಸಿಕ್ಕಿದ್ದು ಪಕ್ಕದೂರಿನ ಹುರುಳಿ ಹೊಲದಲ್ಲಿ.

ಹೊನ್ನಮ್ಮನಿಗೆ ಅಳುವೇ ಬಂತು. ಉಳಿದದ್ದು ಒಂದೇ ಸಲ. ಬೈದು ಬೈದು ಸಾಕಾಗಿ ಮಗನ್ನ ಎದುರಿಗೆ ಕೂರಿಸ್ಕೊಂಡಳು. "ತಪ್ಪು ನಂದೂ ಅದೆ ಕಣೋ. ಬರೀ ಗಿಣಿಪಾಠ ಹೇಳಿಕೊಟ್ಟೆ. ಕುದುರೆ ಮೊದಲು ಯಾಕೆ? ಒಳಗೇ ನಿಂತ ಕುದುರೆ ಕಾದಾಡಲ್ಲ, ಅದಕ್ಕೆ. ನಡು ಯಾಕೆ? ಅಲ್ಲಿಂದ ಎಲ್ಲ ಕಡೆಗೂ ದಾರಿ, ಅದಕ್ಕೆ. ಯಾರೇನೇ ಅಂದ್ರೂ ಮೊದಲು 'ಯಾಕೆ' ಅಂತ ಕೇಳು, ಆಮೇಲೆ ಕೈ ಇಡು!"

"ಆಗಲಿ ಕಣವ್ವ."

ಈ ಸಲ ತಾನೂ ಜೊತೆಗೆ ಹೋದಳು. ಮುದ್ದ ಪ್ರತಿ ನಡೆಗೂ "ಯಾಕೆ?" ಅಂತ ತನ್ನನ್ನೇ ಕೇಳ್ಕೊಂಡ, ತಲೆ ಕೆರ್ಕೊಂಡ, ಆಡಿದ. ಕಾಲಾಳು ನಡುವಿಗೆ ಬಂತು, ಕುದುರೆ ಹೊರಗೆ ಬಂತು, ರಾಜ ಮೂಲೆ ಸೇರಿ ಬೆಚ್ಚಗೆ ಕೂತ. ಹತ್ತು ನಡೆ, ಒಂದೂ ತಪ್ಪಿಲ್ಲ! ಹೊನ್ನಮ್ಮನ ಕಣ್ಣು ತುಂಬಿ ಬಂತು. ಸಾಕಮ್ಮ ಬಾಗಿಲ ಸಂದಿಯಿಂದ ಇಣುಕಿದಳು.

"ಭೇಷ್!" ಅಂತ ಕೆಂಚಪ್ಪ ತೊಡೆ ತಟ್ಟಿದ. "ಹೇಳಪ್ಪಾ, ನನ್ನ ಮಗಳ ಕೈ ಹಿಡೀತೀಯಾ?"

ಮುದ್ದ ತಾಯಿ ಕಡೆ ನೋಡಿದ. ಹೇಳಿದ್ದು ನೆನಪಾಯ್ತು.

"ಯಾಕೆ ಮಾವ? ಅವಳೇನು ಬಿದ್ದೋಗ್ತಾಳಾ?"